ಜನವರಿ ಅಭ್ಯಾಸ ನೋಡಿ ವರ್ಷದ ಗಾಲ್ಫ್ ಹೇಳಬಹುದಾ?

ಕೋಡಿಹಳ್ಳಿ ಕಿಟ್ಟಿ · ಭಾನುವಾರ ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್, ಕಬಡ್ಡಿ ಮಾತೇ ಜಾಸ್ತಿ. ಗಾಲ್ಫ್ ನೋಡೋರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದ್ರೂ ಕೇಳಿಬಿಡ್ತೀನಿ. ಎರಡು ವಾರದಿಂದ ಇದೇ ತಲೆ ಕೊರೀತಿದೆ.

ನನಗೆ ಗಾಲ್ಫ್ ಅಂಟಿಕೊಂಡಿದ್ದು 2021ರ ಆಗಸ್ಟ್ 7ರ ಬೆಳಗಿನ ಜಾವ. ಟೋಕಿಯೋ ಒಲಿಂಪಿಕ್ಸ್‌ನ ಕೊನೇ ಸುತ್ತು, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ. ಬರ್ಡಿ ಅಂದ್ರೇನು, ಬೋಗಿ ಅಂದ್ರೇನು ಅಂತ ಫೋನಲ್ಲಿ ಹುಡುಕಿಕೊಂಡು ನೋಡ್ತಾ ಕೂತಿದ್ದೆ. ನೆಲ್ಲಿ ಕೊರ್ಡಾ 17 ಅಂಡರ್ (ಅಂದ್ರೆ ನಿಗದಿಗಿಂತ 17 ಹೊಡೆತ ಕಮ್ಮಿ), ಮೋನೆ ಇನಾಮಿ ಮತ್ತು ಲಿಡಿಯಾ ಕೋ 16, ಅದಿತಿ 15. ಒಂದೇ ಒಂದು ಹೊಡೆತ! ಆವತ್ತು ತಿಂಡಿ ಸೇರಲಿಲ್ಲ. ಆದರೆ ಆವತ್ತಿಂದ ಗಾಲ್ಫ್ ಬಿಟ್ಟಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಹೋದ ವರ್ಷ ನಮ್ಮೂರಲ್ಲಿ ವೃತ್ತಿಪರರ ಟೂರ್ನಿ ಇದ್ದಾಗ ಅಭ್ಯಾಸದ ದಿನ ಒಳಗೆ ಹೋಗೋಕೆ ಸಿಕ್ಕಿತ್ತು. ಬಂದಿದ್ದ ಅಷ್ಟಿಷ್ಟು ಜನವೂ ಡ್ರೈವಿಂಗ್ ರೇಂಜ್ ಹತ್ತಿರ ನಿಂತು, ದೂರ ಹೊಡೆಯೋ ಕೋಲು ಡ್ರೈವರ್ ಎತ್ತಿ ಬೀಸೋರನ್ನ ನೋಡ್ತಿದ್ರು. ನಾನು ಬಿಸಿಲು ತಪ್ಪಿಸಿಕೊಳ್ಳೋಕೆ ಚೆಂಡನ್ನ ಕುಳಿಗೆ ಉರುಳಿಸೋ ಪಟಿಂಗ್ ಗ್ರೀನ್ ಪಕ್ಕದ ಮರದ ನೆರಳಿಗೆ ಹೋದೆ. ಅಲ್ಲೊಬ್ಬ ಆಟಗಾರ ನೆಲಕ್ಕೆ ಎರಡು ಟೀ (ಚೆಂಡು ಕೂರಿಸೋ ಪುಟ್ಟ ಗೂಟ) ಚುಚ್ಚಿ ಬಾಗಿಲಿನ ಥರ ಮಾಡಿಕೊಂಡು, ಐದಡಿ ದೂರದಿಂದ ಪಟ್ ಮಾಡ್ತಿದ್ದ. ಪಟ್ ಹೊಡೆಯೋ ಕೋಲು, ಪಟರ್, ಆ ಬಾಗಿಲ ಮಧ್ಯದಿಂದಲೇ ಹಾದು ಹೋಗಬೇಕು, ಒಂದು ಟೀಗೆ ತಾಗಿದರೂ ಲೆಕ್ಕ ಮತ್ತೆ ಸೊನ್ನೆಯಿಂದ. ನಲವತ್ತು ನಿಮಿಷ ಅದೇ ಜಾಗ, ಅದೇ ದೂರ. ಒಂದು ಸಲ ನಲವತ್ತರ ಆಚೆ ಎಲ್ಲೋ ಹೋಗಿ ತಾಗ್ತು. ಮುಖ ಕೂಡ ಸಿಂಡರಿಸಲಿಲ್ಲ, ಮತ್ತೆ ಒಂದರಿಂದ ಶುರು.

ಅದನ್ನ ನೋಡಿದ ಮೇಲೆ ನನಗೆ ಸ್ಕೋರ್‌ಬೋರ್ಡ್ ಮಾತ್ರ ನೋಡೋದು ರುಚಿಸ್ತಿಲ್ಲ. ನನ್ನ ವಾದ ಏನಂದ್ರೆ, ವರ್ಷದ ಮೊದಲ ಎರಡು ತಿಂಗಳ ಫಲಿತಾಂಶ ಬರೀ ಆರಂಭ ಶೂರತ್ವ. ಯಾರು ಏನನ್ನ ಅಭ್ಯಾಸ ಮಾಡ್ತಿದ್ದಾರೆ ಅಂತ ನೋಡಿದರೆ ವರ್ಷ ಹೇಗೆ ಹೋಗುತ್ತೆ ಅಂತ ಗೊತ್ತಾಗುತ್ತೆ. ಒಪ್ತೀರಾ?

ಹನ್ನೆರಡನೇ ಆಟಗಾರ · 7:31

ನೆಟ್ಸ್‌ನಲ್ಲಿ ಚೆನ್ನಾಗಿ ಆಡೋರೆಲ್ಲ ರಣಜಿಯಲ್ಲಿ ಶತಕ ಹೊಡೀತಾರಾ ಸಾರ್? ಒಪ್ಪಲ್ಲ.

ಕಡಲತಡಿ · 7:48

ಕಿಟ್ಟಿಯವರೇ, ನನಗೆ ಗಾಲ್ಫ್ ಅಷ್ಟು ಗೊತ್ತಿಲ್ಲ ಮಾರಾಯ್ರೆ, ಆದರೆ ನೀವು ಹೇಳಿದ್ದು ಯಕ್ಷಗಾನ ನೋಡುವವರಿಗೆ ಕೂಡಲೇ ಅರ್ಥ ಆಗ್ತದೆ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡ್ತವೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ಮೊದಲ ವಾರ ಭಾಗವತರ ಸ್ವರ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ವೇಷಧಾರಿಯ ಕಾಲೂ ಭಾರ. ಹಾಗಂತ ಆ ವಾರದ ಆಟ ನೋಡಿ "ಈ ವರ್ಷ ಇವರದ್ದು ಆಗಲಿಕ್ಕಿಲ್ಲ" ಅಂತ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಯಾರು ಮನೆಯಲ್ಲಿ ಸುಮ್ಮನೆ ಕೂತಿದ್ದರು, ಯಾರು ಕುಣಿತ ಬಿಡಲಿಲ್ಲ ಅನ್ನುವುದು ಮಾತ್ರ ಫೆಬ್ರವರಿ ಹೊತ್ತಿಗೆ ಗೊತ್ತಾಗಿಯೇ ಆಗ್ತದೆ.

ಸ್ಕಾಟ್ಸ್‌ಡೇಲ್ ಶಿವು · 8:05

ಅರಿಜೋನಾದಿಂದ ಬರೀತಿದ್ದೀನಿ, ಮೂಲ ತುಮಕೂರು. ಗಾಲ್ಫ್ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಮಾತಾಡೋದು ನೋಡಿ ಬಹಳ ಸಂತೋಷ ಆಯ್ತು ಕಿಟ್ಟಿ ಅವರೇ.

ಅರ್ಧ ಒಪ್ತೀನಿ, ಅರ್ಧ ಇಲ್ಲ. ಜನವರಿ ಫೆಬ್ರವರಿಯಲ್ಲಿ ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಹವಾಯಿ, ಕ್ಯಾಲಿಫೋರ್ನಿಯಾ, ಅರಿಜೋನಾ ಸುತ್ತಿಕೊಂಡು ಮಾರ್ಚ್‌ಗೆ ಫ್ಲಾರಿಡಾ ಸೇರುತ್ತೆ. ಪ್ರತಿ ಕಡೆ ಹುಲ್ಲು ಬೇರೆ. ಟೋರಿ ಪೈನ್ಸ್, ಪೆಬಲ್ ಬೀಚ್ ಗ್ರೀನ್‌ಗಳಲ್ಲಿ ಪೋವಾ ಅನ್ನೋ ಹುಲ್ಲು. ಮಧ್ಯಾಹ್ನದ ಹೊತ್ತಿಗೆ ಅದು ತೆನೆ ಬಿಟ್ಟು ಉಬ್ಬುಬ್ಬಾಗುತ್ತೆ. ಸರಿಯಾಗಿ ಹೊಡೆದ ಪಟ್ ಕೂಡ ಕುಣಿದು ಆಚೆ ಹೋಗುತ್ತೆ. ಇಲ್ಲಿ ಸ್ಕಾಟ್ಸ್‌ಡೇಲ್‌ನಲ್ಲಿ ಚಳಿಗಾಲಕ್ಕೆ ಬರ್ಮುಡಾ ಹುಲ್ಲು ಕಂದುಬಣ್ಣಕ್ಕೆ ತಿರುಗುತ್ತೆ, ಅದಕ್ಕೇ ಅಕ್ಟೋಬರ್‌ನಲ್ಲಿ ಮೇಲಿಂದ ರೈ ಹುಲ್ಲಿನ ಬೀಜ ಚೆಲ್ತಾರೆ. ಫ್ಲಾರಿಡಾಕ್ಕೆ ಹೋದರೆ ಮತ್ತೆ ಬರ್ಮುಡಾ. ಏಪ್ರಿಲ್‌ನಲ್ಲಿ ಮಾಸ್ಟರ್ಸ್ ನಡೆಯೋ ಅಗಸ್ಟಾ ಇನ್ನೊಂದು ಲೋಕ. ಹಾಗಾಗಿ ಶುರುವಿನ ಫಲಿತಾಂಶ ನೋಡಿ ಏನೂ ಹೇಳೋಕಾಗಲ್ಲ ಅನ್ನೋದನ್ನ ಒಪ್ತೀನಿ.

ಆದರೆ ಅಭ್ಯಾಸ ನೋಡಿ ಹೇಳಬಹುದು ಅಂದ್ರಲ್ಲ, ಅಲ್ಲಿ ತಕರಾರು. ಸ್ಕಾಟಿ ಷೆಫ್ಲರ್‌ನ 2025ನೇ ವರ್ಷ ನೋಡಿ. 2024ರ ಕ್ರಿಸ್‌ಮಸ್ ದಿನ ಮನೆಯಲ್ಲಿ ರವಿಯೋಲಿ ಮಾಡೋಕೆ ಹಿಟ್ಟು ಕತ್ತರಿಸುವಾಗ ಗಾಜಿನ ಲೋಟ ಒಡೆದು ಬಲ ಅಂಗೈಗೆ ಹೊಕ್ತು. ಶಸ್ತ್ರಚಿಕಿತ್ಸೆ ಆಯ್ತು, ಜನವರಿ ಕೊನೇ ವಾರದವರೆಗೆ ಟೂರ್ನಿ ಇಲ್ಲ. ಅಭ್ಯಾಸದ ಕಾಲ ಹಾಳಾಯ್ತು ಅಂತಲೇ ಎಲ್ಲರೂ ಅಂದ್ಕೊಂಡ್ವಿ. ಮೇ ತಿಂಗಳಲ್ಲಿ ಬೈರನ್ ನೆಲ್ಸನ್ ಟೂರ್ನಿ 31 ಅಂಡರ್‌ನಲ್ಲಿ ಗೆದ್ದ, ಅದೇ ತಿಂಗಳು ಪಿಜಿಎ ಚಾಂಪಿಯನ್‌ಶಿಪ್, ಜುಲೈನಲ್ಲಿ ರಾಯಲ್ ಪೋರ್ಟ್‌ರಷ್‌ನಲ್ಲಿ ಓಪನ್. ವರ್ಷಕ್ಕೆ ಆರು ಗೆಲುವು!

ಕೋಡಿಹಳ್ಳಿ ಕಿಟ್ಟಿ · 8:22

ಶಿವು ಸಾರ್, ನಿಮ್ಮ ಉದಾಹರಣೆ ನನ್ನ ಕಡೆಗೇ ವಾಲುತ್ತೆ. ಷೆಫ್ಲರ್ ಅಭ್ಯಾಸಕ್ಕೆ ಬಂದ ಕೂಡಲೇ ಮಾಡೋ ಮೊದಲ ಕೆಲಸ ಏನು? ಬೆರಳು ಎಲ್ಲಿ ಕೂರಬೇಕು ಅಂತ ಅಚ್ಚು ಹಾಕಿರೋ ಹಿಡಿಕೆಯ ಒಂದು ಕ್ಲಬ್ ಇಟ್ಕೊಂಡಿದ್ದಾನೆ, ಶಾಲೆ ಮಕ್ಕಳಿಗೆ ಕೊಡೋ ಥರದ್ದು. ವಿಶ್ವದ ನಂಬರ್ ಒನ್ ದಿನಾ ಅದನ್ನ ಹಿಡಿದು ಕೈ ಸರಿಯಾಗಿ ಕೂತಿದೆಯಾ ಅಂತ ನೋಡಿಕೊಂಡೇ ಮುಂದಿನ ಮಾತು. ಬೇಸಿಕ್ಸ್ ಅಷ್ಟು ಗಟ್ಟಿ ಇದ್ದಿದ್ದಕ್ಕೇ ಒಂದು ತಿಂಗಳು ಹೋದರೂ ಆಟ ಹೋಗಲಿಲ್ಲ.

ಸಾಧನಕೇರಿ · 8:40

ಬರೋಬ್ಬರಿ ಹೇಳಿದ್ರಿ ಕಿಟ್ಟಿಯವರ. ನಮ್ಮ ಧಾರವಾಡದಾಗ ಹಾಡೋ ಮಂದಿ ಮುಂಜಾನೆ ನಾಕಕ್ಕ ಎದ್ದು ಖರ್ಜದಾಗ, ಅಂದ್ರ ಕೆಳಗಿನ ಸ್ಥಾಯಿಯಾಗ, ಬರೇ ಸಾ ಹಚ್ಚಿ ಕುಂದರ್ತಾರ್ರೀ. ತಾಸುಗಟ್ಟಲೆ ಒಂದ ಸ್ವರ. ಹೊರಗಿನವ್ರಿಗೆ ಬ್ಯಾಸರ, ಗೊತ್ತಿದ್ದವ ಬಾಗಲ ಸಂದಿಯಾಗ ನಿಂತು ಕೇಳ್ತಾನ. ಸಂಜೀ ಮೈಫಿಲಿನ್ಯಾಗ ತಾನ ಕೇಳಿ ಚಪ್ಪಾಳಿ ಹೊಡಿಯೋರು ಬ್ಯಾರೆ. ನೀವು ಆ ಗಿಡದ ನೆಳ್ಳಿನ್ಯಾಗ ನಿಂತು ನೋಡಿದ್ದು ಖರ್ಜದ ಸಾಧನಾ ನೋಡ್ರಿ.

ಬಾನುಲಿ · 9:15

ನಾನು ನಿವೃತ್ತ, ವಯಸ್ಸು ಎಪ್ಪತ್ತೊಂದು. ಎಲ್ಲರೂ ಅಭ್ಯಾಸವನ್ನು ಇಷ್ಟು ಹೊಗಳುತ್ತಿರುವುದರಿಂದ ಬ್ರೂಸ್ ಲಿಟ್ಸ್‌ಕೀ ಹೆಸರು ಹೇಳಲೇಬೇಕು. ಪಿಜಿಎ ಟೂರ್‌ನಲ್ಲಿ 13 ಪ್ರಶಸ್ತಿ ಗೆದ್ದ ಅಮೆರಿಕದ ಆಟಗಾರ. ಅಭ್ಯಾಸ ಎಂದರೆ ಆಗುತ್ತಿರಲಿಲ್ಲ. ಋತು ಮುಗಿಯಿತೆಂದರೆ ಕ್ಲಬ್ ಮುಟ್ಟುತ್ತಿರಲಿಲ್ಲ, ಮೀನು ಹಿಡಿಯುವುದು, ಮಕ್ಕಳ ಬೇಸ್‌ಬಾಲ್ ತಂಡ ನೋಡಿಕೊಳ್ಳುವುದು. ಅವರ ಚೀಲ ಹೊರುವ ಕ್ಯಾಡಿಗೆ ಇದರಲ್ಲಿ ನಂಬಿಕೆ ಬರಲಿಲ್ಲವಂತೆ. ವರ್ಷದ ಕೊನೆಯ ಟೂರ್ನಿ ಆದ ಮೇಲೆ ಡ್ರೈವರ್ ಕ್ಲಬ್ಬಿನ ತಲೆಗೆ ಹಾಕುವ ಟೋಪಿಯೊಳಗೆ ಒಂದು ಬಾಳೆಹಣ್ಣು ಇಟ್ಟು ಕಳುಹಿಸಿದರು. ಹೊಸ ವರ್ಷದ ಮೊದಲ ಟೂರ್ನಿಯಲ್ಲಿ ಟೋಪಿ ತೆಗೆದರೆ ಹಣ್ಣು ಅಲ್ಲೇ ಕೊಳೆತು ಕಪ್ಪಾಗಿತ್ತು!

ಇದು ಗಾಲ್ಫ್ ಲೋಕಕ್ಕೆಲ್ಲ ಗೊತ್ತಿರುವ ಕಥೆ. ಈಗ ಹೇಳಿ, ಅವರ ಜನವರಿ ಅಭ್ಯಾಸ ನೋಡಿ ನೀವು ಏನು ಊಹಿಸುತ್ತಿದ್ದಿರಿ?

ಕೋಡಿಹಳ್ಳಿ ಕಿಟ್ಟಿ · 9:21

ಇದು ಗೊತ್ತೇ ಇರಲಿಲ್ಲ! ಎಂಥ ಕಥೆ ಸಾರ್.

ಅಂಕಿಅಂಶ · 9:44

ಲಿಟ್ಸ್‌ಕೀ ಉದಾಹರಣೆ ಚೆನ್ನಾಗಿದೆ, ಆದರೆ ಅದರ ಹಿಂದೆ ಕಾರಣ ಇದೆ. ಅವರದ್ದು ಒಂದೇ ಹೊಡೆತ, ಎಡದಿಂದ ಬಲಕ್ಕೆ ಬಾಗೋ ಫೇಡ್. ಅದು ಕೈಗೆ ಎಷ್ಟು ಕೂತಿತ್ತು ಅಂದ್ರೆ ಹೆಚ್ಚು ಅಭ್ಯಾಸ ಮಾಡಿದರೆ ಕೆಡುತ್ತೆ ಅನ್ನೋ ಭಯ ಅವರಿಗೆ. ಆ ಥರದವರು ಕೋಟಿಗೊಬ್ಬರು. ಇನ್ನೊಂದು ತುದಿಯಲ್ಲಿ ವಿಜಯ್ ಸಿಂಗ್, ಫಿಜಿಯ ಭಾರತೀಯ ಮೂಲದವರು. ರೇಂಜ್‌ನಲ್ಲಿ ಕತ್ತಲಾಗೋವರೆಗೂ ನಿಲ್ಲೋದಕ್ಕೇ ಹೆಸರಾದವರು. 2004ರಲ್ಲಿ, ನಲವತ್ತು ದಾಟಿದ ಮೇಲೆ, ಒಂದೇ ವರ್ಷ ಒಂಬತ್ತು ಟೂರ್ನಿ ಗೆದ್ದು ನಂಬರ್ ಒನ್ ಆದರು.

ಕಿಟ್ಟಿ ಅವರಿಗೆ ನನ್ನ ತಕರಾರು ಬೇರೆ. ಪಟಿಂಗ್ ನೋಡಿ ವರ್ಷ ಹೇಳ್ತೀನಿ ಅಂದ್ರೆ ತಪ್ಪು ಜಾಗ ನೋಡ್ತಿದ್ದೀರಿ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅನ್ನೋ ಪ್ರಾಧ್ಯಾಪಕರು ಟೂರ್‌ನ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿದ್ದಾರೆ. ಅಗ್ರ ಆಟಗಾರರು ಉಳಿದವರಿಗಿಂತ ಮುಂದೆ ಹೋಗೋದರಲ್ಲಿ ನೂರಕ್ಕೆ ಸುಮಾರು 40 ಪಾಲು ಗ್ರೀನ್‌ಗೆ ಹೊಡೆಯೋ ಐರನ್ ಹೊಡೆತದ್ದು, 28 ಪಾಲು ಡ್ರೈವಿಂಗ್, ಪಟಿಂಗ್ ಬರೀ 15. ಎಂಟಡಿ ಪಟ್ ಅನ್ನು ಟೂರ್ ಆಟಗಾರರು ಕೂಡ ಹಾಕೋದು ಎರಡಕ್ಕೆ ಒಂದು. ಇದು ಗೊತ್ತಾದ ಮೇಲೆ ನಾನು ಟಿವಿಯಲ್ಲಿ "ಅಯ್ಯೋ, ಇಷ್ಟು ಹತ್ತಿರದ್ದು ತಪ್ಪಿಸಿದನಲ್ಲ" ಅಂತ ಕೂಗೋದೇ ಬಿಟ್ಟೆ.

ಕೋಡಿಹಳ್ಳಿ ಕಿಟ್ಟಿ · 10:02

ಹಾಗಿದ್ರೆ ಅದಿತಿ? ಟೋಕಿಯೋದಲ್ಲಿ ದೂರ ಹೊಡೆಯೋದರಲ್ಲಿ ಆಕೆ ಹಿಂದಿನ ಸಾಲು. ಅದಕ್ಕೆ ಮುಂಚೆ ಕೋವಿಡ್ ಬಂದು ಇದ್ದ ದೂರವೂ ಕಮ್ಮಿಯಾಗಿತ್ತು. ವಿಶ್ವ ಶ್ರೇಯಾಂಕ 200. ಪಟರ್ ಒಂದನ್ನೇ ನಂಬಿಕೊಂಡು ನಾಲ್ಕು ದಿನ ಕೊರ್ಡಾ, ಕೋ ಜೊತೆ ನಿಂತರು. ನಿಮ್ಮ 15 ಪಾಲು ಅಲ್ಲಿ ಎಲ್ಲಿ ಹೋಯ್ತು ಸಾರ್?

ಅಂಕಿಅಂಶ · 10:09

ಒಂದು ವಾರಕ್ಕೆ ಪಟರ್ ಸಾಕು. ಒಂದು ವರ್ಷಕ್ಕೆ ಸಾಲದು. ಅಷ್ಟೇ ನನ್ನ ಮಾತು. ಅದಿತಿ ಬಗ್ಗೆ ನಿಮಗಿರೋಷ್ಟೇ ಅಭಿಮಾನ ನನಗೂ ಇದೆ.

ಬರದನಾಡು · 10:30

ಇಷ್ಟೆಲ್ಲ ಮಾತಾಡ್ತೀರಲ್ಲ, ಆ ಹುಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ ಯಾರಾದ್ರೂ ಕೇಳಿದ್ರಾ? ನಮ್ಮ ಚಿತ್ರದುರ್ಗದ ಕಡೆ ಸಾವಿರ ಅಡಿ ಕೊರೆದರೂ ಬೋರಲ್ಲಿ ಧೂಳು ಬರುತ್ತೆ. ನೂರಾರು ಎಕರೆ, ಆಡೋರು ಬೆರಳೆಣಿಕೆ. ಇದು ದುಡ್ಡಿದ್ದೋರ ಆಟ. ಬೇಸರ ಮಾಡ್ಕೋಬೇಡಿ, ಮನಸ್ಸಲ್ಲಿದ್ದದ್ದು ಹೇಳಿದೆ.

ಸ್ಕಾಟ್ಸ್‌ಡೇಲ್ ಶಿವು · 10:47

ಬೇಸರ ಏನಿಲ್ಲ ಅಣ್ಣ, ನ್ಯಾಯವಾದ ಪ್ರಶ್ನೆ. ನಾನು ಮರಳುಗಾಡಲ್ಲೇ ಇದ್ದೀನಿ, ಇಲ್ಲೂ ಇದೇ ಜಗಳ. ಹವಾಯಿಯ ಕಪಾಲುವಾದಲ್ಲಿ ವರ್ಷದ ಮೊದಲ ಟೂರ್ನಿ ನಡೀತಿತ್ತು. ಅಲ್ಲಿ ಬರ ಬಂದು, ನೀರಿಗೆ ನಿರ್ಬಂಧ ಹಾಕಿ, ಹುಲ್ಲು ಒಣಗಿ, 2026ರ ಟೂರ್ನಿಯನ್ನೇ ರದ್ದು ಮಾಡಿದ್ರು. ಕೋಟಿಗಟ್ಟಲೆ ಡಾಲರ್ ಬಹುಮಾನದ ಟೂರ್ನಿ, ನೀರಿನ ಮುಂದೆ ನಿಲ್ಲಲಿಲ್ಲ. ಕೊಳಚೆ ನೀರು ಶುದ್ಧ ಮಾಡಿ ಹಾಯಿಸೋ ಮೈದಾನಗಳು ಎಲ್ಲ ಕಡೆ ಹೆಚ್ಚಾಗಬೇಕು, ಕುಡಿಯೋ ನೀರು ಮುಟ್ಟಬಾರದು. ಇದರಲ್ಲಿ ನಾನು ನಿಮ್ಮ ಜೊತೆ.

ಕ್ಯಾಡಿ ಮಗ · 11:20

ಬರದನಾಡು ಸಾರ್, ನೀರಿನ ಮಾತು ಒಪ್ತೀನಿ. ದುಡ್ಡಿದ್ದೋರ ಆಟ ಅನ್ನೋದನ್ನ ಮಾತ್ರ ಪೂರ್ತಿ ಒಪ್ಪೋಕಾಗಲ್ಲ, ಯಾಕಂದ್ರೆ ನಮ್ಮ ಮನೆ ನಡೆದಿದ್ದು ಆ ಹುಲ್ಲಿನ ಮೇಲೆ. ನಮ್ಮಪ್ಪ ಇಪ್ಪತ್ತಾರು ವರ್ಷ ಕ್ಯಾಡಿ.

ಆಗೆಲ್ಲ ಅಭ್ಯಾಸ ಅಂದ್ರೆ ಮೆಷಿನ್ ಇಲ್ಲ, ರಡಾರ್ ಇಲ್ಲ. ಅಪ್ಪ ಚೀಲ ಹಿಡ್ಕೊಂಡು ನೂರು ಗಜ ದೂರ ಹೋಗಿ ನಿಲ್ಲೋರು. ಆಟಗಾರ ಅವರನ್ನೇ ಗುರಿ ಇಟ್ಟು ಹೊಡೀಬೇಕು. ಚೆಂಡು ಬಿದ್ದ ಜಾಗ ನೋಡಿ, ಆಯ್ದು ಚೀಲಕ್ಕೆ ಹಾಕಿ, ಕೈ ಎತ್ತಿ "ಮುಂದೆ", "ಹಿಂದೆ" ಅಂತ ತೋರಿಸೋರು. ಚೆಂಡು ಮೈಗೆ ಬಿದ್ದಿದ್ದೂ ಉಂಟು. ಮೊಣಕೈ ಹತ್ತಿರ ಒಂದು ಗುರುತು ಇನ್ನೂ ಇದೆ. ಇಬ್ಬನಿ ಬಿದ್ದ ಬೆಳಿಗ್ಗೆ ಒದ್ದೆ ಹುಲ್ಲಿಂದ ಎದ್ದ ಚೆಂಡು ತಿರುಗೋದು ಕಮ್ಮಿ, ಬಿದ್ದ ಮೇಲೆ ನಿಲ್ಲಲ್ಲ, ಓಡುತ್ತೆ. ಇದೆಲ್ಲ ಅವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಟೂರ್ನಿ ಶುರುವಾಗೋ ಹದಿನೈದು ದಿನ ಮುಂಚೆ ಆಟಗಾರರು ಅಪ್ಪನ್ನ ಹುಡುಕ್ಕೊಂಡು ಬರ್ತಿದ್ರು. ಯಾರ ಕೈ ಕೂತಿದೆ, ಯಾರದ್ದು ಕೂತಿಲ್ಲ ಅಂತ ಅಪ್ಪ ರಾತ್ರಿ ಊಟದ ಹೊತ್ತಲ್ಲಿ ಹೇಳೋರು. ಬಹಳ ಸಲ ಹಾಗೇ ಆಗ್ತಿತ್ತು. ಅದಕ್ಕೇ ಕಿಟ್ಟಿ ಸಾರ್ ಮಾತಿಗೆ ನನ್ನ ಓಟು.

ಸಿ. ಮುನಿಯಪ್ಪ ಅವರ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಲ್ಲಿ ಕ್ಯಾಡಿಯಾಗಿ ಶುರು ಮಾಡಿದವರು. 2009ರಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್, ಸ್ಕೋರ್ ಸಮ ಆಗಿ ಪ್ಲೇಆಫ್‌ನಲ್ಲಿ ಕೊರಿಯಾದವರನ್ನ ಸೋಲಿಸಿ ಗೆದ್ದರು. ಆವತ್ತು ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದ್ವಿ. ಬಿಡದಿ ಕಡೆಯ ಚಿಕ್ಕರಂಗಪ್ಪ, ಈಗಲ್‌ಟನ್ ಮೈದಾನದ ಪಕ್ಕದ ಹುಡುಗ, ಅಲ್ಲೇ ವಿಜಯ್ ದಿವೇಚಾ ಅವರ ಹತ್ತಿರ ಕಲಿತು ವೃತ್ತಿಪರ ಆದರು. ಅನಿರ್ಬನ್ ಲಾಹಿರಿಗೂ ಅದೇ ಗುರು. ಇವರೆಲ್ಲ ಬಂದಿದ್ದು ಬಂಗಲೆಯಿಂದ ಅಲ್ಲ ಸಾರ್.

ಬರದನಾಡು · 11:41

ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ನಾಟ್ತು ತಮ್ಮ. ಮುನಿಯಪ್ಪ ಅವರ ಬಗ್ಗೆ ನನಗೆ ಗೊತ್ತಿರಲಿಲ್ಲ. ನೀರಿನ ವಿಷಯದಲ್ಲಿ ನನ್ನ ಮಾತು ಮಾತೇ, ಆದರೆ ಇನ್ನೊಂದು ಮಾತು ವಾಪಸ್ ತಗೋತೀನಿ.

ಸಾಧನಕೇರಿ · 11:46

ಇದಕ್ಕ ನೋಡ್ರಿ ಈ ಕಟ್ಟಿ ಮ್ಯಾಲೆ ಬಂದು ಕುಂದ್ರೋದು.

ಹನ್ನೆರಡನೇ ಆಟಗಾರ · 12:10

ಗಾಲ್ಫ್ ಬಿಟ್ಟು ಸ್ವಲ್ಪ ಈ ಕಡೆ ಬರ್ತೀನಿ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರಲ್ಲ, ಅವರು ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್ ಕೂಡ. ಮುಹೂರ್ತ ಇದ್ದ ದಿನ ಅಭ್ಯಾಸ ಬಂದ್! ನಮ್ಮ ತಂದೆ ಹೇಳ್ತಿದ್ರು. ಅದನ್ನ ನೋಡಿ ಯಾರು ಊಹಿಸಿದ್ರು ಹೇಳಿ, ಇಲ್ಲಿಂದ ವಿಶ್ವದ ನಂಬರ್ ಒನ್ ಬರ್ತಾನೆ ಅಂತ? ಅದಕ್ಕೇ ನಾನಂದಿದ್ದು, ಅಭ್ಯಾಸ ನೋಡಿ ಹೇಳೋಕಾಗಲ್ಲ.

ಕಡಲತಡಿ · 12:18

ಅಲ್ಲ ಮಾರಾಯ್ರೆ, ಹಾಲ್ ನೋಡಿ ಹೇಳಲಿಕ್ಕೆ ಆಗದು. ಹುಡುಗನನ್ನು ನೋಡಿದವರು ಹೇಳಿಯೇ ಹೇಳಿರ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಗಾದೆ ಸುಮ್ಮನೆ ಬಂತಾ?

ಚಾಮುಂಡಿ ತಪ್ಪಲು · ಮಧ್ಯಾಹ್ನ 1:35

ಎಲ್ಲರ ಮಾತೂ ಓದಿದೆ. ನಾನು ಮೈಸೂರಿನವಳು, ಮಗಳಿಗೆ ಹನ್ನೆರಡು. ಎರಡು ವರ್ಷದಿಂದ ಗಾಲ್ಫ್ ಕಲೀತಿದ್ದಾಳೆ. ನಮ್ಮ ಊರಿನ ಪ್ರಣವಿ ಅರಸ್ ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡ್ತಾರೆ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ.

ನನಗೆ ನಿಜವಾಗಿ ಒಂದು ಸಂಕಟ ಇದೆ, ಹೇಳಬಹುದಾ? ಹೊಸ ವರ್ಷದಲ್ಲಿ ಮಕ್ಕಳ ಟೂರ್ನಿ ಶುರುವಾಗುತ್ತೆ. ಇವಳು ಡಿಸೆಂಬರ್ ಪೂರ್ತಿ ಚೆನ್ನಾಗಿ ಅಭ್ಯಾಸ ಮಾಡಿದಳು. ಮೊದಲ ಟೂರ್ನಿಗೆ ಬೆಂಗಳೂರಿಗೆ ಹೋದ್ವಿ. 18 ಹೋಲ್‌ನಲ್ಲಿ ಐದು ಕಡೆ ಮೂರು ಮೂರು ಪಟ್. ಕಾರಲ್ಲಿ ಮದ್ದೂರು ಬರೋವರೆಗೂ ಒಂದು ಮಾತಾಡಲಿಲ್ಲ. ಆಮೇಲೆ "ಅಮ್ಮ, ನಾನು ಮಾಡಿದ ಅಭ್ಯಾಸ ಎಲ್ಲಿ ಹೋಯ್ತು?" ಅಂದಳು. ಉತ್ತರ ಗೊತ್ತಾಗಲಿಲ್ಲ. ವಡೆ ಕೊಡಿಸಿ ಸುಮ್ಮನಾದೆ. ಅಲ್ಲಿನ ಒಬ್ಬ ತರಬೇತುದಾರರು ಬೇರೆ, ಎಲ್ಲರ ಎದುರಿಗೇ "ಇವಳಿಗೆ ಕೈ ಇಲ್ಲ" ಅಂದುಬಿಟ್ಟರು. ಆ ಮಾತು ಅವಳಿಗಿಂತ ನನಗೆ ಜಾಸ್ತಿ ಚುಚ್ಚಿದೆ.

ಅಂಕಿಅಂಶ · 1:50

ಮೇಡಂ, ಹನ್ನೆರಡು ವರ್ಷದ ಮಗುಗೆ ಕೈ ಇಲ್ಲ ಅನ್ನೋರ ಮಾತನ್ನ ಮನೆಗೆ ತರಬೇಡಿ.

ಗೊತ್ತಿಲ್ಲದ ಗ್ರೀನ್‌ನಲ್ಲಿ ಮೂರು ಪಟ್ ಆಗೋದು ಬಹುಪಾಲು ದಿಕ್ಕಿನ ತಪ್ಪಲ್ಲ, ವೇಗದ ತಪ್ಪು. ಮೈಸೂರಲ್ಲಿ ಅಭ್ಯಾಸ ಮಾಡಿದ ಗ್ರೀನ್ ಒಂದು ವೇಗ, ಅಲ್ಲಿನದ್ದು ಇನ್ನೊಂದು. ಟೂರ್ ಆಟಗಾರರು ಸೋಮವಾರ, ಮಂಗಳವಾರವೇ ಬಂದು ಉದ್ದ ಪಟ್‌ಗಳನ್ನ ಹೊಡೆದು ನೋಡೋದು ಇದಕ್ಕೇ. ಹೋಲ್‌ಗೆ ಗುರಿ ಇಡೋದೂ ಇಲ್ಲ, ಗ್ರೀನ್ ಅಂಚಿಗೆ ಹೊಡೆದು ಎಷ್ಟು ಉರುಳುತ್ತೆ ಅಂತ ನೋಡ್ತಾರೆ. ಮುಂದಿನ ಸಲ ಒಂದು ಗಂಟೆ ಮುಂಚೆ ಹೋಗಿ ಅದನ್ನೇ ಮಾಡಿಸಿ. ಸ್ವಿಂಗ್ ಮುಟ್ಟಬೇಡಿ.

ಕ್ಯಾಡಿ ಮಗ · 2:04

ಅಕ್ಕ, ಅಪ್ಪನ್ನ ಕೇಳಿದೆ. ಅವರು ಹೇಳಿದ್ದು ಹಾಗೇ ಬರೀತೀನಿ: "ಪಾಪುಗೆ ಬರಿಗಾಲಲ್ಲಿ ಗ್ರೀನ್ ಮೇಲೆ ನಡೆಯೋಕೆ ಹೇಳು. ಇಳಿಜಾರು ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತೆ." ಟೂರ್ನಿ ದಿನ ಬೇಡ, ಅಭ್ಯಾಸದ ದಿನ.

ಸ್ಕಾಟ್ಸ್‌ಡೇಲ್ ಶಿವು · 2:30

ನಿಮ್ಮ ಮಗಳಿಗೆ ಅದಿತಿಯ 2023ನೇ ವರ್ಷದ ಕಥೆ ಹೇಳಿ. ಫೆಬ್ರವರಿಯಲ್ಲಿ ಕೆನ್ಯಾದಲ್ಲಿ ಗೆಲುವು, ಅದೂ ಒಂಬತ್ತು ಹೊಡೆತದ ಅಂತರ. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ ಹೋಗಿ ಹಾನಾ ಗ್ರೀನ್ ಎದುರು ಸೋಲು. ಆಮೇಲೆ ಹಾಂಗ್‌ಜೌ ಏಷ್ಯನ್ ಗೇಮ್ಸ್. ಮೂರು ದಿನ ಆದ ಮೇಲೆ ಏಳು ಹೊಡೆತ ಮುಂದೆ. ಚಿನ್ನ ಕೈಗೆ ಬಂದ ಹಾಗೇ ಅಂತ ಇಡೀ ದೇಶ ಅಂದುಕೊಂಡಿತ್ತು. ಕೊನೇ ದಿನ 77 ಹೊಡೆದು ಬೆಳ್ಳಿ. ನಾನು ಆವತ್ತು ಪರದೆ ಮುಂದಿಂದ ಎದ್ದು ಹೋಗಿದ್ದೆ. ಅದಾಗಿ ಎರಡು ತಿಂಗಳು ತುಂಬೋದರೊಳಗೆ ಸ್ಪ್ಯಾನಿಷ್ ಓಪನ್ ಗೆದ್ದರು! ಮೊದಲ ಟೂರ್ನಿ ಒಂದು ಟೂರ್ನಿ ಅಷ್ಟೇ ಅಂತ ಮಗುಗೆ ಹೇಳಿ.

ಬಾನುಲಿ · 3:12

ಶಿವು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನೆಲ್ಲಿ ಕೊರ್ಡಾ 2024ರ ಜನವರಿಯಲ್ಲಿ ಗೆದ್ದು, ಏಳು ವಾರ ರಜೆ ಹಾಕಿ, ಬಂದು ಮತ್ತೆ ಸಾಲಾಗಿ ನಾಲ್ಕು ಗೆದ್ದರು. ವರ್ಷಕ್ಕೆ ಏಳು. 2025ರಲ್ಲಿ ಎಷ್ಟು? ಒಂದೂ ಇಲ್ಲ. ಅದೇ ಹುಡುಗಿ, ಅದೇ ಶಿಸ್ತು. ಕಿಟ್ಟಿಯವರೇ, ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಕೋಡಿಹಳ್ಳಿ ಕಿಟ್ಟಿ · 3:40

ಇಲ್ಲ ಸಾರ್. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೆಳಿಗ್ಗೆ ಬರೆದಾಗ ಇದ್ದಷ್ಟು ಧೈರ್ಯವಾಗಿ ಈಗ ಹೇಳಲ್ಲ.

ಆದರೂ ಒಂದು ಹಟ ಬಿಡಲ್ಲ. ರೋರಿ ಮೆಕಿಲ್‌ರಾಯ್ 2024ರ ಕೊನೆಯಲ್ಲಿ ಸ್ವಿಂಗ್ ತಿದ್ದೋಕೆ ಅಂತ ಒಳಾಂಗಣ ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಹೊಡೆದದ್ದು ಓದಿದ್ದೆ. ಚೆಂಡು ಎಲ್ಲಿ ಹೋಗುತ್ತೆ ಅಂತ ಬೇಕಂತಲೇ ನೋಡ್ತಿರಲಿಲ್ಲ. ಚೆಂಡು ಕಂಡರೆ ಮನಸ್ಸು ಅದರ ಹಿಂದೆ ಓಡುತ್ತೆ, ಮೈ ಹಳೇ ಚಾಳಿಗೆ ಬೀಳುತ್ತೆ. 2025ರ ಫೆಬ್ರವರಿಯಲ್ಲಿ ಪೆಬಲ್ ಬೀಚ್, ಮಾರ್ಚ್‌ನಲ್ಲಿ ಪ್ಲೇಯರ್ಸ್, ಏಪ್ರಿಲ್ 13ಕ್ಕೆ ಜಸ್ಟಿನ್ ರೋಸ್ ಜೊತೆ ಪ್ಲೇಆಫ್ ಆಡಿ ಅಗಸ್ಟಾದಲ್ಲಿ ಮಾಸ್ಟರ್ಸ್, ಮೂರೂ ಗೆದ್ದ. ಅಷ್ಟು ವರ್ಷ ಕಾದಿದ್ದ ಗ್ರ್ಯಾಂಡ್ ಸ್ಲಾಮ್, ಅಂದ್ರೆ ನಾಲ್ಕೂ ದೊಡ್ಡ ಟೂರ್ನಿಗಳ ಗೆಲುವು, ಪೂರ್ತಿ ಆಯ್ತು. ಕೊನೇ ಪಟ್ ಹಾಕಿ ಹುಲ್ಲಿನ ಮೇಲೆ ಮಂಡಿಯೂರಿ ಅತ್ತಾಗ ನಾನೂ ಅತ್ತೆ. ಮನೆಯವರು ಎದ್ದು ಬಂದು ಏನಾಯ್ತು ಅಂತ ಕೇಳಿದ್ರು. ನನಗೆ ಆ ಹೊತ್ತಲ್ಲಿ ಕಣ್ಣ ಮುಂದೆ ಬಂದಿದ್ದು ಆ ಮುಚ್ಚಿದ ಬಾಗಿಲು.

ಹನ್ನೆರಡನೇ ಆಟಗಾರ · 3:52

ಸರಿ, ಈ ಒಂದಕ್ಕೆ ಸೋತೆ. ಚೆಂಡು ನೋಡದೆ ಹೊಡೆಯೋ ಅಭ್ಯಾಸ ಕ್ರಿಕೆಟ್‌ನಲ್ಲಿ ಕೇಳಿಲ್ಲ.

ಸ್ಕಾಟ್ಸ್‌ಡೇಲ್ ಶಿವು · ಸಂಜೆ 5:20

ಬೆಂಗಳೂರಿನವರಿಗೆ ಒಂದು ಪ್ರಶ್ನೆ. ನೀವಿರೋದು 900 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಚೆಂಡು ಜಾಸ್ತಿ ಹೋಗುತ್ತೆ. ಅಲ್ಲಿ 150 ಗಜ ಹೋಗೋ ಕ್ಲಬ್ ಕೋಲ್ಕತ್ತಾದಲ್ಲಿ ನಾಲ್ಕೈದು ಗಜ ಮುಂಚೆ ಬೀಳಬೇಕು. ವರ್ಷದ ಶುರುವಿನಲ್ಲಿ ಇದನ್ನ ಹೇಗೆ ಸರಿ ಮಾಡ್ಕೋತಾರೆ?

ಕ್ಯಾಡಿ ಮಗ · 5:44

ಈಗ ರಡಾರ್ ಪೆಟ್ಟಿಗೆ ಬಂದಿದೆ ಸಾರ್, ಅದೇ ಲೆಕ್ಕ ಹಾಕಿ ಹೇಳುತ್ತೆ. ಮುಂಚೆ ಒಂದು ದಿನ ಬೇಗ ಹೋಗಿ, ಪ್ರತಿ ಕ್ಲಬ್‌ನಲ್ಲೂ ಹೊಡೆದು, ಚಿಕ್ಕ ಚೀಟಿಯಲ್ಲಿ ಬರ್ಕೊಂಡು ಜೇಬಲ್ಲಿ ಇಟ್ಕೊಳ್ಳೋರು. ಅಪ್ಪನ ಹತ್ತಿರ ಅಂಥ ಚೀಟಿಗಳು ಒಂದು ಡಬ್ಬಿ ತುಂಬ ಇವೆ. ಬೆವರಿಗೆ ಶಾಯಿ ಹರಡಿದೆ, ಆದ್ರೂ ಓದಬಹುದು.

ಬಾನುಲಿ · 5:51

ಆ ಡಬ್ಬಿಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ, ಎಸೆಯಬೇಡಿ. ಸಾಧ್ಯವಾದರೆ ಪ್ರತಿ ಚೀಟಿಯ ಫೋಟೋ ತೆಗೆದಿಡಿ.

ಚಾಮುಂಡಿ ತಪ್ಪಲು · ರಾತ್ರಿ 8:15

ಕಿಟ್ಟಿಯವರೇ, ಮಗಳು ಪಕ್ಕದಲ್ಲೇ ಕೂತು ಎಲ್ಲ ಓದಿದಳು. ಅವಳದ್ದೊಂದು ಪ್ರಶ್ನೆ: ನೀವು ನೋಡಿದ ಆಟಗಾರ ಆ ಎರಡು ಟೀ ನಡುವೆ ಎಷ್ಟು ಜಾಗ ಬಿಟ್ಟಿದ್ದರು?

ಕೋಡಿಹಳ್ಳಿ ಕಿಟ್ಟಿ · 8:22

ಪಟರ್ ತಲೆ ಇಟ್ಟರೆ ಎರಡೂ ಕಡೆ ಅರ್ಧರ್ಧ ಬೆರಳು ಉಳಿಯೋಷ್ಟು ಪುಟ್ಟಿ. ಶುರುವಿಗೆ ನೀನು ಒಂದೊಂದು ಬೆರಳು ಬಿಡು. ಐದಡಿ ದೂರ ಬೇಡ, ಮೂರಡಿಯಿಂದ ಶುರು ಮಾಡು.

ಚಾಮುಂಡಿ ತಪ್ಪಲು · ಸೋಮವಾರ ಬೆಳಿಗ್ಗೆ 7:40

ಶಾಲೆಗೆ ಮುಂಚೆ ಹೋಗಿದ್ವಿ. ಅರ್ಧ ಬೆರಳೇ ಬಿಟ್ಟಳು, ಹೇಳಿದರೆ ಕೇಳಲಿಲ್ಲ. 50ರಲ್ಲಿ 31. ಮೊದಲ ಹತ್ತರಲ್ಲಿ ಎರಡೇ ಹೋಗಿದ್ದು. ಬರಿಗಾಲಲ್ಲಿ ನಡೆದು ಪಾದವೆಲ್ಲ ಇಬ್ಬನಿ. ಈಗ ತಿಂಡಿ ತಿನ್ನದೆ ಸಾಕ್ಸ್ ಹುಡುಕ್ತಿದ್ದಾಳೆ.